ಅಣಕು ಯಾನದ ಏಳು ನಿಮಿಷ

ಕೌನ್ಸೆಲರ್ ತರಬೇತಿಗೆ ಹೋಗುತ್ತಿದ್ದೇನೆ ಎಂದಾಗ ಉಮ್ಮ ಕೇಳಿದ್ದು, “ಯಾವ ವಾರ್ಡಿಗೆ?” ಎಂದು. ಪುತ್ತೂರು ನಗರಸಭೆಯ ಕೌನ್ಸಿಲರುಗಳ ಹೊರತು ಬೇರೆ ಬಗೆಯವರನ್ನು ಅವರು ಕೇಳಿರಲಿಲ್ಲ. ಇದು ಮಕ್ಕಳಿಗಾಗಿ ನಡೆಯುವ ಬಾಹ್ಯಾಕಾಶ ಶಿಬಿರ, ಬೇಸಿಗೆ ಮತ್ತು ದಸರಾ ರಜೆಯಲ್ಲಿ ಇರುತ್ತದೆ, ಮಕ್ಕಳ ಜೊತೆಯಲ್ಲಿದ್ದು ಅವರನ್ನು ನಡೆಸುವವರಿಗೆ ಹಾಗೆನ್ನುತ್ತಾರೆ ಎಂದು ವಿವರಿಸಿದೆ. “ಮಕ್ಕಳನ್ನು ನೋಡಿಕೊಳ್ಳುದಕ್ಕೆ ಎಂಎಸ್ಸಿ ಬೇಕಾ?” ಎಂದು ಕೇಳಿ ಅವರು ಒಳಗೆ ಹೋದರು. ನಾನು ಅತಿಥಿ ಶಿಕ್ಷಕಿ. ಪ್ರತಿ ಮಾರ್ಚಿನಲ್ಲಿ ಬಿಡುಗಡೆ, ಜೂನಿನಲ್ಲಿ ಮತ್ತೆ ಯಾವುದಾದರೂ ಶಾಲೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಶಿಬಿರದಲ್ಲಿ ಒಮ್ಮೆ ಆಯ್ಕೆಯಾದರೆ ಪ್ರತಿ ರಜೆಗೂ ಅವರೇ ಕರೆಯುತ್ತಾರೆಂದು ಪ್ರಕಟಣೆಯಲ್ಲಿತ್ತು. ಯಾರಾದರೂ ಎರಡನೆಯ ಬಾರಿ ಕರೆಯುವ ಕೆಲಸ ಎಂಬುದೇ ನನಗೆ ದೊಡ್ಡದಾಗಿ ಕಂಡಿತ್ತು.

ಏಪ್ರಿಲ್ ತಿಂಗಳ ಒಂದು ಸೋಮವಾರ ಉಪ್ಪಿನಂಗಡಿಯಿಂದ ಕಡಬದ ಬಸ್ಸು ಹಿಡಿದೆ. ಶಿಬಿರದ ಜಾಗ ಕಡಬದಿಂದ ಸ್ವಲ್ಪ ಆಚೆ, ಮುಚ್ಚಿಹೋಗಿದ್ದ ಒಂದು ವಸತಿ ಶಾಲೆ. ಅದನ್ನು ಕೊಂಡವರು ಗೋಡೆಗಳಿಗೆಲ್ಲ ಕಡುನೀಲಿ ಬಣ್ಣ ಬಳಿಸಿ, ಊಟದ ಹಾಲಿನಲ್ಲಿ ಥರ್ಮೊಕೋಲಿನ ಗ್ರಹಗಳನ್ನು ಇಳಿಬಿಟ್ಟಿದ್ದರು. ಶನಿಯ ಬಳೆ ತಾಗುತ್ತದೆಂದು ಅಲ್ಲಿದ್ದ ಎರಡು ಫ್ಯಾನುಗಳಲ್ಲಿ ಒಂದನ್ನು ಹಾಕುವಂತಿರಲಿಲ್ಲ.

ನಾವು ಎಂಟು ಮಂದಿ ಬಂದಿದ್ದೆವು. ತೆಗೆದುಕೊಳ್ಳುವುದು ನಾಲ್ವರನ್ನು. ತರಬೇತಿ ಹತ್ತು ದಿನ, ವಾಸ್ತವ್ಯ ಅಲ್ಲೇ. ಮುಖ್ಯ ತರಬೇತುದಾರರು ಘಟ್ಟದ ಮೇಲಿನವರು, ಅರುವತ್ತು ದಾಟಿದ ನಿವೃತ್ತ ಇಂಜಿನಿಯರ್. ವಿದೇಶದ ಇಂಥದೇ ಒಂದು ಶಿಬಿರದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದಿದ್ದರು. ಸ್ವರ ಏರಿಸಿ ಮಾತನಾಡಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಕೈಯಲ್ಲಿ ಸದಾ ಒಂದು ರಟ್ಟು, ಅದಕ್ಕೆ ಸಿಕ್ಕಿಸಿದ ಹಾಳೆಯಲ್ಲಿ ನಮ್ಮ ಎಂಟು ಹೆಸರು.

“ಇಲ್ಲಿ ಯಾರ ಬುದ್ಧಿವಂತಿಕೆಯೂ ಬೇಡ,” ಎಂದು ಮೊದಲ ದಿನವೇ ಹೇಳಿದರು. “ಕೈಪಿಡಿಯಲ್ಲಿ ಬರೆದಿರೋದನ್ನ ಬರೆದಿರೋ ಕ್ರಮದಲ್ಲಿ ಮಾಡಿ. ಅವಘಡ ಆಗೋದು ಯಾರಿಗಾದರೂ ಏನಾದರೂ ಹೊಳೆದಾಗ.”

ನಾನದನ್ನು ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಎಳೆದೆ.

ನನ್ನ ಪಕ್ಕದ ಕುರ್ಚಿಯಲ್ಲಿ ಕೂತವರು ಮಂಡೆಕೋಲಿನ ಒಬ್ಬ ಪಿ.ಟಿ. ಮಾಸ್ಟ್ರು. ನಲವತ್ತು ದಾಟಿದವರು, ಗಟ್ಟಿ ಆಳು. ಅವರಿದ್ದ ಶಾಲೆಯಲ್ಲಿ ಆ ವರ್ಷ ಆಟದ ಪೀರಿಯಡನ್ನೇ ತೆಗೆದು ಕಂಪ್ಯೂಟರಿಗೆ ಕೊಟ್ಟಿದ್ದರಂತೆ. ಕೈಪಿಡಿಯ ಎಂಬತ್ತು ಪುಟಗಳನ್ನು ಒಮ್ಮೆ ಬೆರಳಲ್ಲಿ ಸರ್ರನೆ ಬಿಡಿಸಿ ನೋಡಿ ಅವರು ನನ್ನ ಕಡೆ ಬಾಗಿದರು. “ಗುರು, ಶುಕ್ರ ಎಲ್ಲ ನಂಗೆ ಜಾತಕದಲ್ಲಿ ಮಾತ್ರ ಗೊತ್ತು ಟೀಚರ್. ಇವರು ನೋಡಿದ್ರೆ ದೂರ, ತೂಕ ಎಲ್ಲ ಕೇಳ್ತಾರೆ.”

ಸಂಜೆಯ ಚಹಾ ಆದ ಮೇಲೆ ನಾನು ಅವರಿಗೆ ಮೈದಾನದಲ್ಲೇ ಹೇಳಿಕೊಟ್ಟೆ. ಫುಟ್ಬಾಲನ್ನು ಸೂರ್ಯನೆಂದು ಇಟ್ಟರೆ ಭೂಮಿ ಗುಂಡುಸೂಜಿಯ ತಲೆ, ಸುಮಾರು ಮೂವತ್ತು ಹೆಜ್ಜೆ ಆಚೆ. ಗುರು ಒಂದು ನೆಲ್ಲಿಕಾಯಿ, ಅದು ಮೈದಾನ ದಾಟಿ ರಸ್ತೆಯ ಹತ್ತಿರ. ಅವರು ಹೆಜ್ಜೆ ಹಾಕಿ ಹಾಕಿ ಕಲಿತರು. ಅಳೆದದ್ದನ್ನು ಅವರು ಮರೆಯುತ್ತಿರಲಿಲ್ಲ. ಬದಲಿಗೆ ಅವರಿಂದ ನಾನು ಕಲಿತದ್ದು ಕೈಪಿಡಿಯಲ್ಲಿ ಇರಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ದಾಗ ಎಣಿಕೆಯಲ್ಲಿ ನನಗೆ ಪ್ರತಿ ಬಾರಿಯೂ ಒಂದು ತಪ್ಪುತ್ತದೆ ಎಂದಿದ್ದೆ. “ಮುಖ ಎಣಿಸ್ಬೇಡಿ, ಅದು ಅತ್ತಿತ್ತ ಓಡ್ತದೆ. ಕೂರಿಸಿ ಚಪ್ಪಲಿ ಎಣಿಸಿ,” ಎಂದರು. ಇನ್ನೊಂದು ದಿನ, ಬಿದ್ದ ಮಕ್ಕಳ ಬಗ್ಗೆ ಮಾತಾಡುತ್ತ ಹೇಳಿದರು: “ಅಳುವ ಮಗುವಿಗೆ ಹೆದರ್ಲಿಕ್ಕಿಲ್ಲ. ಅಳ್ತಾ ಇದ್ದದ್ದು ತಟಕ್ಕನೆ ಸುಮ್ಮನಾದ್ರೆ ಓಡ್ಬೇಕು.”

ಮೂರನೆಯ ದಿನ ನನಗೆ ಮೊದಲ ಪೆಟ್ಟು ಬಿತ್ತು. ಮನೆ ನೆನಪಾಗಿ ಅಳುವ ಮಗುವನ್ನು ಸಮಾಧಾನಪಡಿಸುವ ಅಭ್ಯಾಸ. ಸುಳ್ಯದ ಒಬ್ಬಳು ತರಬೇತಿಯವಳು ಮಗುವಾಗಿ ನಟಿಸಿದಳು. ಅವಳು ಸಹಜವಾಗಿ ಬರಲೆಂದು ತುಳುವಿನಲ್ಲಿ, “ಎಂಕ್ ಇಲ್ಲಡೆ ಪೋವೊಡು,” ನನಗೆ ಮನೆಗೆ ಹೋಗಬೇಕು ಎಂದಳು. ನಾನೂ ತುಳುವಿನಲ್ಲೇ ಮಾತಾಡಿಸಿದೆ. ನಮ್ಮ ಮನೆಯ ಮಾತು ಬ್ಯಾರಿ, ಅಂಗಳ ದಾಟಿದರೆ ತುಳು; ಯಾವುದು ಯಾವಾಗ ಬಾಯಿಗೆ ಬರುತ್ತದೆಂದು ಯೋಚಿಸಿದವಳಲ್ಲ. ಎರಡೇ ನಿಮಿಷದಲ್ಲಿ ಅವಳು ನಕ್ಕಳು, ಉಳಿದವರೂ ನಕ್ಕರು. ಚೆನ್ನಾಗಿ ಆಯಿತೆಂದುಕೊಂಡೆ.

ಮುಖ್ಯ ತರಬೇತುದಾರರು ಹತ್ತಕ್ಕೆ ಮೂರು ಕೊಟ್ಟರು. “ನೀವಿಬ್ಬರೂ ಏನು ಮಾತಾಡಿದಿರೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗದ್ದಕ್ಕೆ ನಾನು ಅಂಕ ಕೊಡೋದಕ್ಕೆ ಆಗಲ್ಲ. ಶಿಬಿರದ ಭಾಷೆ ಕನ್ನಡ, ಇಲ್ಲವಾದರೆ ಇಂಗ್ಲಿಷ್. ಕಂಟ್ರೋಲ್ ರೂಮಲ್ಲಿ ಇದನ್ನ ಮೀರೋ ಹಾಗೇ ಇಲ್ಲ.”

“ಮಕ್ಕಳಿಗೆ ತುಳು ಹತ್ತಿರ ಆಗ್ತದೆ ಸರ್,” ಎಂದೆ.

“ಇರಬಹುದು. ಆದರೆ ಪಕ್ಕದಲ್ಲಿರೋ ನನಗೆ ದೂರ ಆಗತ್ತೆ.”

ಎರಡನೆಯದು ಐದನೆಯ ದಿನ, ನೀರಿನ ರಾಕೆಟ್ಟು. ತಂಪು ಪಾನೀಯದ ಬಾಟಲಿಗೆ ಮೂರನೇ ಒಂದು ಪಾಲು ನೀರು ತುಂಬಿ, ಪಿವಿಸಿ ಕೊಳವೆಯ ಅಡ್ಡೆಗೆ ಕವುಚಿ ಸಿಕ್ಕಿಸಿ, ಸೈಕಲ್ ಪಂಪಿನಿಂದ ಗಾಳಿ ಹಾಕುವುದು. ಒತ್ತಡದ ಮುಳ್ಳು ನಲವತ್ತಕ್ಕೆ ಬಂದಾಗ ಪಂಪು ನಿಲ್ಲಿಸಬೇಕು, ಸುಣ್ಣದಲ್ಲಿ ಎಳೆದ ವೃತ್ತದ ಹೊರಗೆ ನಿಂತು ಹಗ್ಗ ಎಳೆಯಬೇಕು. ನನ್ನದು ಹಗ್ಗ ಎಳೆದರೂ ಹಾರಲಿಲ್ಲ. ಅಂಥ ಸಂದರ್ಭದಲ್ಲಿ ಮೊದಲು ವಾಲ್ವು ಬಿಚ್ಚಿ ಗಾಳಿ ಬಿಡಬೇಕು. ಮುಳ್ಳು ಸೊನ್ನೆಗೆ ಇಳಿಯುವವರೆಗೆ ವೃತ್ತದೊಳಗೆ ಕಾಲಿಡಬಾರದು. ಬಾಟಲಿಯನ್ನು ಹಿಡಿದಿಟ್ಟ ಪಿನ್ನು ಒಂದು ಬದಿಗೆ ಓರೆಯಾದದ್ದು ನನಗೆ ದೂರದಿಂದಲೇ ಕಾಣುತ್ತಿತ್ತು. ಒಂದು ಬೆರಳಿನ ಕೆಲಸ ಎಂದು ಹೋಗಿ ಬಗ್ಗಿದೆ. ಬಾಟಲಿ ನನ್ನ ಕಿವಿಯ ಪಕ್ಕದಿಂದ ಹಾರಿ ಹೋಯಿತು. ಶಾಲು ಒದ್ದೆಯಾಯಿತು. ಕಿವಿ ಮಧ್ಯಾಹ್ನದವರೆಗೆ ಗುಂಯ್ ಎನ್ನುತ್ತಿತ್ತು.

“ಹೊಳೀತು, ಅಲ್ವಾ?” ಎಂದರು ಮುಖ್ಯ ತರಬೇತುದಾರರು. ಸೊನ್ನೆ ಹಾಕಿದರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಆ ಸಂಜೆ ಊಟದ ಹಾಲಿನ ಗೋಡೆಯಲ್ಲಿ ಅಂಕಗಳ ಪಟ್ಟಿ ಹಚ್ಚಿದರು. ನಾನು ಏಳನೆಯವಳು. ಪಿ.ಟಿ. ಮಾಸ್ಟ್ರು ನಾಲ್ಕನೆಯವರು. ಭೌತಶಾಸ್ತ್ರ ಓದಿದವಳು ಕೆಳಗೆ, ಜಾತಕದ ಗುರು ಶುಕ್ರ ಮಾತ್ರ ಗೊತ್ತಿದ್ದವರು ಮೇಲೆ. ಅವರಿಗೆ ಹೇಳಿಕೊಟ್ಟವಳು ನಾನು ಎಂಬ ಮಾತು ನನ್ನ ಮನಸ್ಸಿನಲ್ಲಿ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ದಿನದಿಂದ ನಾನು ಕೈಪಿಡಿಯನ್ನು ಬಾಯಿಪಾಠ ಮಾಡಿದೆ. ಇನ್ನು ನನಗೆ ಏನೂ ಹೊಳೆಯಬಾರದು ಎಂದು ತೀರ್ಮಾನಿಸಿದೆ.

ಉಳಿದದ್ದು ಅಣಕು ಯಾನ. ಅದಕ್ಕೇ ಅರ್ಧದಷ್ಟು ಅಂಕ.

ಸಭಾಂಗಣದಲ್ಲಿ ಒಂದು ಹಳೆಯ ಹಡಗಿನ ಕಂಟೈನರನ್ನು ತಂದಿಟ್ಟಿದ್ದರು. ಒಳಗೆ ಪ್ಲೈವುಡ್ ಬಡಿದು, ಬೂದು ಬಣ್ಣದ ಫೋಮ್ ಅಂಟಿಸಿ, ಮಿನಿ ಬಸ್ಸಿನ ಆರು ಸೀಟು ಕೂರಿಸಿದ್ದರು. ಎದುರಿಗೆ ಸ್ವಿಚ್ಚುಗಳ ಹಲಗೆ, ಎರಡು ಪರದೆ, ಮೇಲೊಂದು ಸಣ್ಣ ಕ್ಯಾಮೆರಾ. ಗಾಳಿಗೆ ಒಂದು ಎಸಿ, ಬ್ಯಾಟರಿಯಲ್ಲಿ ಓಡುವ ಎರಡು ಪುಟ್ಟ ಫ್ಯಾನು. ಬಾಗಿಲು ಒಮ್ಮೆ ನಡುವೆ ತಾನಾಗಿ ತೆರೆದುಕೊಂಡು ಆಟ ಕೆಟ್ಟಿತ್ತೆಂದು ಹೊರಗಿನಿಂದ ಚಿಲಕ ಇಟ್ಟಿದ್ದರು. ಆರು ಮಕ್ಕಳು ಒಳಗೆ ಹೋದರೆ ನಲವತ್ತು ನಿಮಿಷ: ಉಡಾವಣೆ, ಕಕ್ಷೆ, ಸೌರಫಲಕದ ದುರಸ್ತಿ, ಮರುಪ್ರವೇಶ, ಇಳಿಕೆ. ಒಬ್ಬ ಕೌನ್ಸೆಲರ್ ಸಭಾಂಗಣದಾಚೆಯ ಹಳೆಯ ಸ್ಟಾಫ್ ರೂಮಿನಲ್ಲಿ ಕೂತು ಹೆಡ್‌ಸೆಟ್ಟಿನಲ್ಲಿ ಮಕ್ಕಳನ್ನು ನಡೆಸಬೇಕು. ಅದು ಕಂಟ್ರೋಲ್. ಇನ್ನೊಬ್ಬರು ಕಂಟೈನರಿನ ಬಾಗಿಲ ಬಳಿ ವಾಕಿಟಾಕಿ ಹಿಡಿದು ನಿಲ್ಲಬೇಕು. ಅವರನ್ನು ಡೆಕ್ ಎನ್ನುತ್ತಿದ್ದರು. ಡೆಕ್ ಕೇಳಬೇಕಾದದ್ದು ಕಂಟ್ರೋಲಿನ ಮಾತು.

ಮಗು ಹೆದರಿದರೆ ಮೂರು ಹೆಜ್ಜೆ. ಮೊದಲು ಹೆಸರು ಹಿಡಿದು ಮಾತಾಡಿಸುವುದು. ಎರಡನೆಯದು ಉಸಿರು ಎಣಿಸುವಂತೆ ಮಾಡುವುದು. ಮೂರನೆಯದು ಕೈಗೊಂದು ಕೆಲಸ ಕೊಡುವುದು. ಯಾವ ಮಗುವಾದರೂ “ಅಬಾರ್ಟ್” ಎಂದರೆ ತಕ್ಷಣ ಬಾಗಿಲು ತೆರೆಯಬೇಕು. ಯಾನಕ್ಕೆ ಮೊದಲು ಕಂಟ್ರೋಲ್ ಮಕ್ಕಳ ಎದುರು ನಿಂತು ಅವರಿಂದ ಆ ಪದವನ್ನು ಮೂರು ಸಲ ಹೇಳಿಸಬೇಕು. ಹಾಗೆ ನಡುವೆ ನಿಂತುಹೋದ ಯಾನಕ್ಕೆ ನಡೆಸಿದವರಿಗೆ ಅರ್ಧ ಅಂಕ ಮಾತ್ರ.

ಒಂಬತ್ತನೆಯ ದಿನ ನರಿಮೊಗರು ಕಡೆಯ ಒಂದು ಶಾಲೆಯಿಂದ ಏಳನೇ ತರಗತಿಯ ಹನ್ನೆರಡು ಮಕ್ಕಳನ್ನು ಕರೆತಂದರು. ನಮ್ಮಲ್ಲಿ ನಾಲ್ವರ ಸರದಿ ಹಿಂದಿನ ದಿನವೇ ಬೇರೊಂದು ಶಾಲೆಯ ಮಕ್ಕಳೊಡನೆ ಮುಗಿದಿತ್ತು. ಬೆಳಗಿನ ತಂಡದ ಯಾನ ಸುಸೂತ್ರವಾಗಿ ಮುಗಿಯಿತು. ಮಧ್ಯಾಹ್ನದ ತಂಡ ನಮ್ಮದು: ನಾನು ಕಂಟ್ರೋಲ್, ಪಿ.ಟಿ. ಮಾಸ್ಟ್ರು ಡೆಕ್. ಒಳಗೆ ಹೋಗುವಾಗ ಎರಡು ಜಡೆಯ ಒಬ್ಬಳು ಸಣಕಲು ಹುಡುಗಿ ಬಾಗಿಲ ಬಳಿ ನಿಂತು ಅವರನ್ನು ಕೇಳಿದಳಂತೆ, “ಇದು ಮುಚ್ತೀರಾ ಸರ್?” ಎಂದು. “ಮುಚ್ತೇವೆ. ಆದ್ರೆ ನಾನು ಇಲ್ಲಿಂದ ಒಂದು ಹೆಜ್ಜೆ ಆಚೀಚೆ ಹೋಗುದಿಲ್ಲ,” ಎಂದು ಇವರು ಹೇಳಿದರಂತೆ. ಇದು ನನಗೆ ಆಮೇಲೆ ತಿಳಿದದ್ದು. ಅವಳು ನಾಲ್ಕನೆಯ ಸೀಟಿನಲ್ಲಿ ಕೂತಳು.

ಎರಡೂವರೆಗೆ ಉಡಾವಣೆ. ಶಾಲಿನ ಮೇಲೆ ಹೆಡ್‌ಸೆಟ್ಟು ಜಾರುತ್ತಿತ್ತು, ಒಂದು ಕೈಯಲ್ಲಿ ಒತ್ತಿಹಿಡಿದೇ ಮಾತಾಡುತ್ತಿದ್ದೆ. ಮುಖ್ಯ ತರಬೇತುದಾರರು ನನ್ನ ಹಿಂದೆ ಕೂತು ಇನ್ನೊಂದು ಹೆಡ್‌ಫೋನಿನಲ್ಲಿ ಎಲ್ಲವನ್ನೂ ಕೇಳುತ್ತಿದ್ದರು. ಹದಿನೆಂಟನೆಯ ನಿಮಿಷದವರೆಗೆ ಎಲ್ಲ ಸರಿಯಿತ್ತು. ಮಕ್ಕಳು ಕಕ್ಷೆಯಲ್ಲಿದ್ದರು, ಫಲಕದ ದುರಸ್ತಿ ಶುರುವಾಗಿತ್ತು. ಆಗ ಕರೆಂಟು ಹೋಯಿತು.

ಜನರೇಟರ್ ಕೆಲವೇ ಸೆಕೆಂಡಿನಲ್ಲಿ ಹಿಡಿಯಿತು. ಕಂಪ್ಯೂಟರು ಬಂತು, ಕ್ಯಾಮೆರಾ ಬಂತು, ಕಂಟೈನರಿನೊಳಗಿನ ಕೆಂಪು ದೀಪ ಬಂತು. ಎಸಿಗೆ ಮಾತ್ರ ಜನರೇಟರಿನ ಸಂಪರ್ಕ ಇರಲಿಲ್ಲ. ಮುಖ್ಯ ತರಬೇತುದಾರರು ಸ್ವಲ್ಪ ಯೋಚಿಸಿದರು. “ಫ್ಯಾನ್ ಓಡ್ತಿದೆ, ಗಾಳಿಗೆ ತೊಂದರೆ ಇಲ್ಲ. ನಿಜವಾದ ಯಾನದಲ್ಲೂ ಹೀಗಾಗಬಹುದು ಅಂತ ಮಕ್ಕಳಿಗೆ ಹೇಳಿ. ಮುಂದುವರಿಸಿ.”

ನಾನು ಹಾಗೆಯೇ ಹೇಳಿದೆ. ಐವರು “ಓಕೆ ಕಂಟ್ರೋಲ್” ಎಂದರು. ಆರನೆಯ ಸ್ವರ ಬರಲಿಲ್ಲ. ಕ್ಯಾಮೆರಾದಲ್ಲಿ ನಾಲ್ಕನೆಯ ಸೀಟು ಅರ್ಧ ಮಾತ್ರ ಕಾಣುತ್ತಿತ್ತು, ಎದುರಿನ ಹುಡುಗನ ಹೆಗಲು ಅಡ್ಡ. ಒಂದು ಜಡೆ ಅಲುಗುತ್ತಿತ್ತು. ಆಮೇಲೆ ಕೇಳಿಸಿತು.

“ಎಂಕ್ ಉಸುಲು ಕಟ್ಟುಂಡು. ಎಂಕ್ ಪಿದಯಿ ಪೋವೊಡು. ಬಾಕಿಲ್ ದೆಪ್ಪುಲೆ.”

ನನಗೆ ಉಸಿರು ಕಟ್ಟುತ್ತಿದೆ, ನನಗೆ ಹೊರಗೆ ಹೋಗಬೇಕು, ಬಾಗಿಲು ತೆಗೆಯಿರಿ. ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಿತು. ಮೂರೂ ವಾಕ್ಯದಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ.

“ಏನಂತೆ?” ಎಂದರು ಹಿಂದಿನಿಂದ ಮುಖ್ಯ ತರಬೇತುದಾರರು.

ನಾನು ಹೇಳಿದೆ: “ಸ್ವಲ್ಪ ಸೆಕೆ ಆಗ್ತಾ ಉಂಟಂತೆ ಸರ್.”

“ಸರಿ. ಮೊದಲ ಹೆಜ್ಜೆ ಮಾಡಿ.”

ಈ ಮಾತನ್ನು ನಾನು ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಗಾಬರಿ ಎನ್ನಬಹುದಿತ್ತು, ಆದರೆ ನನಗೆ ಗಾಬರಿಯಾಗಿರಲಿಲ್ಲ. ಏಳನೆಯ ಸ್ಥಾನದಲ್ಲಿದ್ದವಳಿಗೆ ಅರ್ಧ ಅಂಕ ಸಾಲುವುದಿಲ್ಲ ಎಂಬ ಲೆಕ್ಕ ತಲೆಯಲ್ಲಿ ಸ್ಪಷ್ಟವಾಗಿತ್ತು. ಅವಳು ಆ ಪದವನ್ನು ಹೇಳಿಲ್ಲ ಎಂಬುದೂ ಸ್ಪಷ್ಟವಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳಿದ್ದರೆ ಆ ಮನುಷ್ಯ ಬಾಗಿಲು ತೆಗೆಸುತ್ತಿದ್ದರು. ಅದರಲ್ಲಿ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ.

ಹೆಸರು ಹಿಡಿದು ಕರೆದೆ. ಕನ್ನಡದಲ್ಲಿ, ನಿಧಾನವಾಗಿ, ತಗ್ಗಿದ ಸ್ವರದಲ್ಲಿ. ನಾನು ಇಲ್ಲೇ ಇದ್ದೇನೆ, ನೀನು ಕ್ಷೇಮವಾಗಿದ್ದೀ ಎಂದೆ. ಅವಳು ಮತ್ತೆ ತುಳುವಿನಲ್ಲಿ ಅದನ್ನೇ ಹೇಳಿದಳು. ಎರಡನೆಯ ಹೆಜ್ಜೆ: ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ನಾಲ್ಕು ಎಣಿಸುವವರೆಗೆ ಹೊರಗೆ. ನಾನು ಎಣಿಸಿದೆ. ಆಗ ಹೆಡ್‌ಸೆಟ್ಟಿನಲ್ಲಿ ದಬದಬ ಸದ್ದು ಬಂತು. ವಾಕಿಟಾಕಿಯಲ್ಲಿ ಪಿ.ಟಿ. ಮಾಸ್ಟ್ರು ಮಾತಾಡಿದರು.

“ಟೀಚರ್, ಒಳಗಿಂದ ಬಡಿಯುದು ಕೇಳ್ತಾ ಉಂಟು.”

“ಡೆಕ್, ಕಾಯಿರಿ,” ಎಂದೆ. ಕೈಪಿಡಿಯಲ್ಲಿ ಇದ್ದದ್ದು ಆ ಎರಡೇ ಪದ.

ಮತ್ತೆ ಎಣಿಸಿದೆ. ಅವಳು ಈಗ ಮಾತಾಡುತ್ತಿರಲಿಲ್ಲ, ಅಳುತ್ತಿದ್ದಳು. ಬಡಿತ ಜೋರಾಯಿತು.

“ಟೀಚರ್, ತೆಗಿಲಾ?”

“ಡೆಕ್, ಕಾಯಿರಿ.”

ಮೂರನೆಯ ಹೆಜ್ಜೆ. ಎಡಗಡೆಯ ಹಳದಿ ಸ್ವಿಚ್ಚು ಹಾಕು, ಅದು ನಿನ್ನ ಕೆಲಸ, ನಿನ್ನಿಂದ ಮಾತ್ರ ಆಗುತ್ತದೆ ಎಂದೆ. ಉತ್ತರವಿಲ್ಲ. ಒಂದು ಕ್ಷಣದಲ್ಲಿ ಅಳು ನಿಂತಿತು, ಬಡಿತವೂ ನಿಂತಿತು. ನಾನು ದಾಖಲೆಯ ಪುಸ್ತಕದಲ್ಲಿ ಸಮಯ ನೋಡಿ ಬರೆದೆ: “ಮೂರನೇ ಹೆಜ್ಜೆಯ ನಂತರ ಶಾಂತಳಾಗಿದ್ದಾಳೆ.” ಹಿಂದಿನಿಂದ “ಗುಡ್” ಎಂಬ ಮಾತು ಕೇಳಿತು.

ಅದೇ ಹೊತ್ತಿಗೆ ಪರದೆಯ ಮೇಲೆ ಬಿಳಿ ಬೆಳಕು ಬಂತು. ಬಾಗಿಲು ತೆರೆದಿತ್ತು.

ನಾನು ಓಡಿ ಹೋಗುವಾಗ ಪಿ.ಟಿ. ಮಾಸ್ಟ್ರು ಅವಳನ್ನು ಸಭಾಂಗಣದ ನೆಲದ ಮೇಲೆ ಕೂರಿಸಿಕೊಂಡಿದ್ದರು. ಅವಳ ತುಟಿ ಬಿಳಿಚಿತ್ತು, ಕಣ್ಣು ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ. ಫೋಮಿನ ಅಡಿಯ ಸ್ಕ್ರೂ ತಾಗಿ ಗೆಣ್ಣುಗಳ ಚರ್ಮ ಸುಲಿದಿತ್ತು. ಲಂಗ ಒದ್ದೆಯಾಗಿತ್ತು. ಅವರು ತಮ್ಮ ಟ್ರ್ಯಾಕ್ ಸೂಟಿನ ಕೋಟು ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿ, ಇತರ ಮಕ್ಕಳಿಗೆ ಬೆನ್ನು ಮಾಡಿ ಅಡ್ಡ ಕೂತಿದ್ದರು. ತುಳುವಿನಲ್ಲಿ ಮೆಲ್ಲಗೆ ಏನೋ ಕೇಳುತ್ತಿದ್ದರು: ಮನೆಯಲ್ಲಿ ದನ ಉಂಟಾ, ಕರು ಎಷ್ಟು, ಹೆಸರೆಂತ. ಸುಮಾರು ಹೊತ್ತಿನ ಮೇಲೆ ಅವಳು ಒಂದು ಹೆಸರು ಹೇಳಿದಳು. ಉಳಿದ ಐವರು ಮಕ್ಕಳು ಇಳಿಕೆ ಆಗಲಿಲ್ಲವೆಂದು ಬೇಸರಿಸಿಕೊಂಡು ನಿಂತಿದ್ದರು.

ದಾಖಲೆಯ ಪ್ರಕಾರ ಅವಳ ಮೊದಲ ಮಾತಿನಿಂದ ಬಾಗಿಲು ತೆರೆಯುವವರೆಗೆ ಏಳು ನಿಮಿಷ.

ಸಂಜೆ ಐದು ಗಂಟೆಗೆ ಸ್ಟಾಫ್ ರೂಮಿನಲ್ಲಿ ವಿಚಾರಣೆಯಂಥ ಒಂದು ಸಭೆ. ಮುಖ್ಯ ತರಬೇತುದಾರರು, ಶಿಬಿರದ ನಿರ್ದೇಶಕರು, ನಾವಿಬ್ಬರು. ನಿರ್ದೇಶಕರು ಊರಿನವರೇ, ನನಗಿಂತ ಸ್ವಲ್ಪ ದೊಡ್ಡವರು. ಶಾಲೆಯವರು ಏನಾದರೂ ಹೇಳಿಯಾರೆಂಬ ಚಿಂತೆ ಅವರ ಮುಖದಲ್ಲಿತ್ತು. ಹೆಡ್‌ಸೆಟ್ಟಿನ ಮಾತು ಎಲ್ಲೂ ದಾಖಲಾಗುತ್ತಿರಲಿಲ್ಲ, ಚಿತ್ರ ಮಾತ್ರ. ಅದು ನನಗೆ ಗೊತ್ತಿತ್ತು.

ಮುಖ್ಯ ತರಬೇತುದಾರರು ಮೊದಲು ಪಿ.ಟಿ. ಮಾಸ್ಟ್ರನ್ನು ಕೇಳಿದರು. “ಕಂಟ್ರೋಲ್ ಎರಡು ಸಲ ಕಾಯಿರಿ ಅಂತ ಹೇಳಿತ್ತಲ್ಲ?”

“ಹೇಳಿತ್ತು ಸರ್.”

“ಮೂರನೇ ಸಲ ಕೇಳದೆ ತೆಗೆದಿರಿ.”

“ಬಡಿಯುದು ನಿಂತಿತು. ಅದಕ್ಕೆ ತೆಗ್ದದ್ದು.”

“ಕಂಟ್ರೋಲಿಗೆ ನಿಮಗಿಂತ ಹೆಚ್ಚು ಗೊತ್ತಿರತ್ತೆ. ಅದು ಇಡೀ ವ್ಯವಸ್ಥೆಯ ತಳಪಾಯ.”

“ಇರ್ಬಹುದು ಸರ್. ಕಂಟ್ರೋಲಿಗೆ ಬಾಗಿಲು ಕಾಣುದಿಲ್ಲ,” ಎಂದರು ಅವರು. ವಾದದ ಧಾಟಿ ಇರಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದರು. “ಆ ಹುಡುಗಿ ಅಬಾರ್ಟ್ ಅಂದಳಾ?”

“ಇಲ್ಲ ಸರ್.”

“ಬೇರೆ ಮಾತಲ್ಲಿ ಆದರೂ, ಹೊರಗೆ ಬಿಡಿ ಅಂತ ಸ್ಪಷ್ಟವಾಗಿ ಕೇಳಿದಳಾ?”

ಅವರು ನನಗೆ ಇನ್ನೊಂದು ಅವಕಾಶ ಕೊಟ್ಟಿದ್ದರು, ತಮಗೆ ಗೊತ್ತಿಲ್ಲದೆಯೇ. ಪಕ್ಕದ ಕುರ್ಚಿಯಲ್ಲಿ ಪಿ.ಟಿ. ಮಾಸ್ಟ್ರು ತಮ್ಮ ಅಂಗೈ ನೋಡುತ್ತ ಕೂತಿದ್ದರು. ಹೊರಗೆ ಮಕ್ಕಳು ವ್ಯಾನು ಹತ್ತುವ ಗಲಾಟೆ.

“ಸ್ಪಷ್ಟವಾಗಿ ಇಲ್ಲ ಸರ್,” ಎಂದೆ. “ಅಳ್ತಾ ಇದ್ಳು.”

“ಬಾಗಿಲು ತೆಗೆಯೋ ಹೊತ್ತಿಗೆ?”

“ಮೂರನೇ ಹೆಜ್ಜೆಗೆ ಶಾಂತ ಆಗಿದ್ಳು. ದಾಖಲೆಯಲ್ಲಿ ಬರ್ದಿದ್ದೇನೆ.”

ಅವರು ಪುಸ್ತಕ ತೆರೆದು ಓದಿದರು. ನಿರ್ದೇಶಕರು ಸಮಾಧಾನದ ಉಸಿರು ಬಿಟ್ಟರು. ಮುಖ್ಯ ತರಬೇತುದಾರರು ಬೇಸರದಿಂದಲೇ ಪಿ.ಟಿ. ಮಾಸ್ಟ್ರಿಗೆ ಹೇಳಿದರು: “ನಿಮ್ಮ ಮನಸ್ಸು ಒಳ್ಳೆಯದು. ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಇನ್ನೊಬ್ಬರ ನಿರ್ಧಾರವನ್ನ ನಂಬೋದಕ್ಕೆ ಆಗದವರನ್ನ ನಾನು ಮಕ್ಕಳ ಜೊತೆ ಬಿಡೋದಕ್ಕೆ ಆಗಲ್ಲ.”

“ಆಯ್ತು ಸರ್,” ಎಂದರು ಅವರು.

ಮರುದಿನ ಬೆಳಿಗ್ಗೆ ಪಟ್ಟಿ ಹಚ್ಚಿದರು. ಯಾನ ನಿಂತದ್ದು ಡೆಕ್ಕಿನ ತಪ್ಪೆಂದು ನನ್ನ ಅಂಕ ಕಡಿದಿರಲಿಲ್ಲ; ನಾನು ಎರಡನೆಯವಳು. ನನ್ನ ಹೆಸರಿನ ಮುಂದೆ ಒಂದು ಸಾಲಿನ ಷರಾ: ಒತ್ತಡದಲ್ಲೂ ಸ್ವರ ಸ್ಥಿರ. ಪಿ.ಟಿ. ಮಾಸ್ಟ್ರು ಐದನೆಯವರು.

ಅವರನ್ನು ಬಿಡಲು ಕಡಬದ ಬಸ್ ನಿಲ್ದಾಣದವರೆಗೆ ನಾನೂ ಹೋದೆ. ಯಾಕೆ ಹೋದೆನೋ. ಸುಳ್ಯದ ಬಸ್ಸಿಗೆ ಇನ್ನೂ ಸಮಯವಿತ್ತು. ಅವರು ಎಳನೀರಿನವನ ಬಳಿ ಎರಡು ಬೊಂಡ ಕಡಿಸಿದರು. ಕೋಟು ಆ ಹುಡುಗಿಯ ಜೊತೆಗೇ ಹೋಗಿದ್ದರಿಂದ ಬರೀ ಬನಿಯನ್ನಿನಂಥ ಟೀ ಶರ್ಟಿನಲ್ಲಿದ್ದರು.

“ಒಂದು ಕೇಳ್ಲಿಕ್ಕುಂಟು ಟೀಚರ್,” ಎಂದರು. “ಅವ್ಳು ಒಳಗೆ ತುಳುವಿನಲ್ಲಿ ಎಂತದೋ ಹೇಳ್ತಾ ಇದ್ಳು. ತಗಡಿನ ಹೊರಗೆ ನಂಗೆ ಸ್ವರ ಮಾತ್ರ ಕೇಳ್ತಾ ಇತ್ತು, ಮಾತು ತಿಳಿಲಿಲ್ಲ. ನಿಮ್ಗೆ ಕೇಳಿರ್ಬೇಕಲ್ಲ?”

“ಹೆಡ್‌ಸೆಟ್ಟಿನಲ್ಲಿ ಸರಿ ಬರ್ತಾ ಇರ್ಲಿಲ್ಲ ಮಾಸ್ಟ್ರೆ. ಜನರೇಟರಿನ ಸದ್ದು.”

ಅವರು ಬೊಂಡದ ನೀರು ಕುಡಿದು ಮುಗಿಸಿದರು.

“ಹಾಗೂ ಇರ್ಬಹುದು,” ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ. ಬಸ್ಸು ಬಂದಾಗ ಚೀಲ ಹೆಗಲಿಗೆ ಹಾಕಿಕೊಂಡು, “ಚಪ್ಪಲಿ ಎಣಿಸುದು ಮರಿಬೇಡಿ,” ಎಂದು ಹೇಳಿ ಹತ್ತಿದರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಗೊತ್ತಾಗಿತ್ತೆಂದೇ ನನ್ನ ಅನಿಸಿಕೆ.

ಒಂದು ವಾರದೊಳಗೆ ಕಂಟೈನರಿನ ಚಿಲಕ ಹೋಯಿತು. ಒಳಗಿನಿಂದ ನೂಕಿದರೆ ತೆರೆಯುವ ಆಯಸ್ಕಾಂತದ ಹಿಡಿಕೆ ಬಂತು. ಎಸಿಯ ವೈರನ್ನು ಜನರೇಟರಿಗೆ ಸೇರಿಸಿದರು. ಕೈಪಿಡಿ ತಿದ್ದಲು ಆಯ್ಕೆಯಾದ ನಾಲ್ವರಿಂದಲೂ ಸಲಹೆ ಕೇಳಿದರು. ನಾನು ಬರೆದು ಕೊಟ್ಟೆ: ಹೊರಗೆ ಹೋಗಬೇಕೆಂದು ಮಗು ಯಾವ ಭಾಷೆಯಲ್ಲಿ, ಯಾವ ಮಾತಿನಲ್ಲಿ ಹೇಳಿದರೂ ಅದನ್ನು ಅಬಾರ್ಟ್ ಎಂದೇ ತಿಳಿಯತಕ್ಕದ್ದು, ಕಂಟ್ರೋಲ್ ರೂಮಿನಲ್ಲಿ ಮಗುವಿನ ಭಾಷೆ ಬಲ್ಲವರು ಇರತಕ್ಕದ್ದು. ಮುಖ್ಯ ತರಬೇತುದಾರರು ಅದನ್ನು ಎರಡು ಸಲ ಓದಿದರು.

“ಇದು ಬಹಳ ಮುಖ್ಯವಾದ ಮಾತು. ನನಗೆ ಹೊಳೆದೇ ಇರಲಿಲ್ಲ,” ಎಂದರು. ಅದೇ ಮಾತುಗಳಲ್ಲಿ ಅದು ಅಚ್ಚಾಯಿತು. ಸಭೆಯಲ್ಲಿ ನನ್ನ ಹೆಸರು ಹೇಳಿ ಮೆಚ್ಚಿದರು. ಪಿ.ಟಿ. ಮಾಸ್ಟ್ರನ್ನು ಮತ್ತೆ ಕರೆಯುವ ಮಾತು ಯಾರೂ ಆಡಲಿಲ್ಲ, ನಾನೂ ಆಡಲಿಲ್ಲ.

ಮೇ ತಿಂಗಳಲ್ಲಿ ಎರಡು ತಂಡಗಳು ಬಂದವು. ಕೆಲಸ ಚೆನ್ನಾಗಿ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಂದು ಮಗುವಿಗೂ ಏನೂ ಆಗಲಿಲ್ಲ. ನಡುವೆ ಒಮ್ಮೆ ಹೇಳಿಬಿಡಬೇಕೆಂದು ಪಿ.ಟಿ. ಮಾಸ್ಟ್ರಿಗೆ ಫೋನು ಮಾಡಿದೆ. ಅವರು ಸುಳ್ಯದಲ್ಲಿ ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತಿದ್ದರು; ಹಿಂದೆ ಸೀಟಿಯ ಸದ್ದು ಬರುತ್ತಿತ್ತು. “ನಿಮ್ಗೆ ಆಯ್ತಲ್ಲ ಟೀಚರ್, ಒಳ್ಳೇದಾಯ್ತು,” ಎಂದರು. ಅದು ವ್ಯಂಗ್ಯವಾಗಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಮಳೆ ಹೇಗುಂಟು ಎಂದು ಕೇಳಿ ಇಟ್ಟೆ.

ಜೂನಿನಲ್ಲಿ ಅತಿಥಿ ಶಿಕ್ಷಕಿಯಾಗಿ ಕರೆ ಬಂತು, ಪುತ್ತೂರಿನ ಹತ್ತಿರದ ಒಂದು ಹೈಸ್ಕೂಲಿಗೆ. ನನಗೆ ಹೊಸ ಶಾಲೆ, ಪರಿಚಯದವರು ಯಾರೂ ಇರಲಿಲ್ಲ. ಎಂಟನೇ ತರಗತಿಗೆ ಮೊದಲ ದಿನ ಹಾಜರಿ ಕರೆಯುವಾಗ ಆ ಹೆಸರು ಬಂತು. ಎರಡನೇ ಬೆಂಚಿನಲ್ಲಿ ಎರಡು ಜಡೆ. ಅವಳು ನನ್ನನ್ನು ನೋಡಿ ನಕ್ಕಳು, ಗುರುತಿನ ನಗೆ. ನಾನು ಮುಂದಿನ ಹೆಸರು ಕರೆದೆ. ಅವಳು ಬುದ್ಧಿವಂತೆ. ಪ್ರಶ್ನೆ ಕೇಳುತ್ತಿದ್ದಳು. ಪಾಠದ ನಡುವೆ ಬಾಗಿಲ ಬಳಿಯ ಬೆಂಚಿಗೆ ತಾನಾಗಿ ಜಾಗ ಬದಲಾಯಿಸಿಕೊಂಡದ್ದನ್ನು ನಾನು ಎರಡನೇ ವಾರದಲ್ಲಿ ಗಮನಿಸಿದೆ.

ಜುಲೈಯಲ್ಲಿ ಪೋಷಕರ ಸಭೆ. ಮುಗಿದ ಮೇಲೆ ಅವಳು ಅಮ್ಮನನ್ನು ಕೈಹಿಡಿದು ನನ್ನ ಮೇಜಿನ ಬಳಿಗೆ ಕರೆತಂದಳು. ಬೀಡಿ ಕಟ್ಟುವವರ ಕೈ, ಬೆರಳ ತುದಿಯಲ್ಲಿ ಎಲೆಯ ಕಲೆ. ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ತುಳುವಿನಲ್ಲಿ ಮಾತು ಶುರುಮಾಡಿದರು. ಶಿಬಿರದಿಂದ ಬಂದ ಮೇಲೆ ಹುಡುಗಿ ಎಷ್ಟೋ ದಿನ ಬಚ್ಚಲಿನ ಬಾಗಿಲನ್ನೂ ಹಾಕಿಕೊಳ್ಳುತ್ತಿರಲಿಲ್ಲ, ಈಗ ಪರವಾಗಿಲ್ಲ, ಆ ದಿನ ಬಾಗಿಲು ತೆಗೆದು ಹೊರಗೆ ತಂದದ್ದು ನೀವಲ್ಲವೇ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಅಮ್ಮನ ತೋಳು ಎಳೆದಳು.

“ಇವರಲ್ಲ ಅಮ್ಮ, ಅದು ಪಿ.ಟಿ. ಮಾಸ್ಟ್ರು. ಟೀಚರು ಬೇರೆ ರೂಮಿನಿಂದ ಮಾತಾಡ್ತಾ ಇದ್ದದ್ದು.” ಆಮೇಲೆ, ನನ್ನ ಪರವಾಗಿ ಹೇಳುವವಳಂತೆ ಸೇರಿಸಿದಳು: “ಅವರಿಗೆ ತುಳು ಬರುದಿಲ್ಲ. ನಾನು ಹೇಳಿದ್ದು ಗೊತ್ತಾಗ್ಲಿಲ್ಲ ಅವರಿಗೆ.”

ತಾಯಿ ನಾಚಿಕೊಂಡರು. “ಹೌದಾ? ನಾನು ಆಗದಿಂದ ತುಳುವಿನಲ್ಲೇ ಮಾತಾಡುದು,” ಎಂದು ನಕ್ಕು, ಹೇಳಿದ್ದನ್ನೆಲ್ಲ ಮೊದಲಿನಿಂದ ಕನ್ನಡದಲ್ಲಿ ಹೇಳಿದರು. ಬಚ್ಚಲಿನ ಬಾಗಿಲಿನ ವಿಷಯ, ಈಗ ಪರವಾಗಿಲ್ಲ ಎಂಬ ವಿಷಯ. ಕೊನೆಗೆ, “ಭಾಷೆ ಗೊತ್ತಿಲ್ಲದಿದ್ರೂ ನೀವು ಬಿಡದೆ ಮಾತಾಡ್ಸಿದ್ರಂತೆ. ಉಪಕಾರ ಆಯ್ತು ಟೀಚರ್,” ಎಂದರು.

ನಾನು ಎಲ್ಲವನ್ನೂ ಮೊದಲ ಸಲ ಕೇಳುತ್ತಿರುವವಳ ಹಾಗೆ ತಲೆಯಾಡಿಸುತ್ತ ಕೇಳಿದೆ. ಆ ವರ್ಷ ಪೂರ್ತಿ, ಆ ಶಾಲೆಯ ಗೇಟಿನೊಳಗೆ, ನಾನು ತುಳುವಿನಲ್ಲಿ ಒಂದು ಮಾತೂ ಆಡಲಿಲ್ಲ.